ಲಷ್ಕರಿ ನ್ಯಾಯಾಲಯವೂ ಮರಣದಂಡನೆಯೂ

ಮರಣದಂಡನೆಯು ನಾಗರಿಕ ರಾಷ್ಟ್ರವೊಂದರ ಕಾಯದೆಯಲ್ಲಿ ಇರತಕ್ಕದ್ದೋ ಇರಬಾರದೋ ಎಂಬ ವಾದವು ಬಹು ಹಳೆಯದು. ಅದನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಆ ದಂಡನೆಯು ಕಾಯದೆಯಲ್ಲಿ ಇದೆಯೆಂದೇ ಇಟ್ಟುಕೊಂಡು, ಅದನ್ನು ವಿಧಿಸುವವರು ಯಾರು, ವಿಧಿಸುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನಷ್ಟೇ ವಿಚಾರಿಸೋಣ. ಕಾಯದೆಯ ಪುಸ್ತಕವು ಎಲ್ಲರಿಗೂ ಒಂದೇ. ಅದನ್ನು ಓದುವ ಕಣ್ಣು ಮಾತ್ರ ಒಬ್ಬೊಬ್ಬರದೊಂದು. ಸಾಮಾನ್ಯ ಖಟ್ಲೆಯಲ್ಲಿ ಈ ಭೇದದಿಂದ ಒಂದೆರಡು ವರ್ಷಗಳ ಸೆರೆವಾಸ ಹೆಚ್ಚು ಕಡಿಮೆ ಆದೀತು. ಮರಣದಂಡನೆಯ ಖಟ್ಲೆಯಲ್ಲಿ ಈ ಭೇದದ ಬೆಲೆ ಒಂದು ಜೀವ. ಆರೋಪಿಯೂ ಸಿಪಾಯಿ, ತೀರ್ಪು ಕೊಡುವವರೂ ಸೇನೆಯ ಅಧಿಕಾರಿಗಳು ಎಂದಾದಾಗ ಈ ಪ್ರಶ್ನೆಯು ಇನ್ನಷ್ಟು ತೊಡಕಾಗುತ್ತದೆ.

ಈ ವಿಚಾರಕ್ಕೆ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಲಷ್ಕರಿ ನ್ಯಾಯಾಲಯಗಳಷ್ಟು ಬೋಧಪ್ರದವಾದ ಉದಾಹರಣೆ ಸುಲಭವಾಗಿ ದೊರೆಯಲಾರದು. ಇತರ ಹಲವು ಕಡೆಗಳಲ್ಲಿ ಇಂಥ ಪೀಠದ ಮೇಲೆ ಕುಳಿತವರು ಏನನ್ನು ನಂಬಿದ್ದರೆಂಬುದು ಅವರೊಡನೆಯೇ ಮಣ್ಣಾಗಿ ಹೋಗುತ್ತದೆ. ಅಮೇರಿಕೆಯಲ್ಲಿ ಹಾಗಲ್ಲ. ಸಾಕ್ಷಿ ವಿಚಾರಣೆ ಆರಂಭವಾಗುವ ಮೊದಲೇ ಆ ಸದಸ್ಯರನ್ನು ಉಭಯಪಕ್ಷದ ವಕೀಲರೂ ಪ್ರಶ್ನಿಸುತ್ತಾರೆ. ಮರಣದಂಡನೆಯ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು, ಬುದ್ಧಿಪೂರ್ವಕವಾಗಿ ಕೊಂದವನಿಗೆ ಬೇರೆ ಶಿಕ್ಷೆ ಕೊಡಲು ನಿಮ್ಮ ಮನಸ್ಸು ಒಪ್ಪೀತೇ, ಆರೋಪಿಯ ಬಾಲ್ಯದ ಕಷ್ಟಗಳನ್ನು ಕೇಳುವ ತಾಳ್ಮೆ ನಿಮಗಿದೆಯೇ ಎಂದು ಕೇಳಿ ಅವರ ಉತ್ತರಗಳನ್ನು ಬರೆದಿಡುತ್ತಾರೆ. ಅಪೀಲಿನ ಕೋರ್ಟುಗಳು ಮುಂದೆ ವರ್ಷಗಟ್ಟಲೆ ಆ ಉತ್ತರಗಳನ್ನು ಒರೆಗೆ ಹಚ್ಚುತ್ತವೆ. ನಂಬಿಕೆಯು ತೀರ್ಪಿನೊಳಗೆ ಹೇಗೆ ಇಳಿಯುತ್ತದೆಂಬುದನ್ನು ಕಾಣಲು ಇದಕ್ಕಿಂತ ಒಳ್ಳೆಯ ಕಿಂಡಿ ಬೇಕಿಲ್ಲ.

ಪೀಠದಲ್ಲಿ ಕೂಡುವವರು

ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿಯು ತೆರವಾಗಿ ಬಹುಕಾಲವಾಯಿತು. 1959ರಲ್ಲಿ ಮುಂಬಯಿಯ ಜ್ಯೂರಿಯು ನೌಕಾದಳದ ಕಮಾಂಡರ ನಾನಾವತಿಯವರನ್ನು ಎಂಟಕ್ಕೆ ಒಂದು ಮತದಿಂದ ನಿರ್ದೋಷಿಯೆಂದು ಸಾರಿದುದೂ, ಸೆಶನ್ಸ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿದುದೂ ಹಿರಿಯ ವಾಚಕರಿಗೆ ತಿಳಿದ ಸಂಗತಿಗಳೇ. ಸಮವಸ್ತ್ರದ ಮೋಹವು ಸಾಮಾನ್ಯ ನಾಗರಿಕರ ಮೇಲೂ ಎಷ್ಟು ಪ್ರಭಾವ ಬೀರಬಲ್ಲದೆಂದು ಆಗ ಎಲ್ಲರೂ ಆಡಿಕೊಂಡರು. 1973ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ.

ಅಮೇರಿಕೆಯ ನಾಗರಿಕ ನ್ಯಾಯಾಲಯದ ಜ್ಯೂರಿಯನ್ನು ಊರಿನ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸುತ್ತಾರೆ. ಲಷ್ಕರಿ ನ್ಯಾಯಾಲಯದ ರೀತಿಯೇ ಬೇರೆ. ಅಲ್ಲಿ ಖಟ್ಲೆಗಾಗಿ ನ್ಯಾಯಾಲಯವನ್ನು ಕರೆಯುವ ಸೇನಾಧಿಕಾರಿಯೇ ಸದಸ್ಯರನ್ನು ಹೆಸರು ಹಿಡಿದು ಆರಿಸುತ್ತ ಬಂದಿದ್ದಾನೆ. ವಯಸ್ಸು, ವಿದ್ಯೆ, ತರಬೇತು, ಅನುಭವ, ಸೇವೆಯ ಕಾಲ, ನ್ಯಾಯಬುದ್ಧಿ ಇವುಗಳಲ್ಲಿ ಯೋಗ್ಯತಮರು ಯಾರೆಂಬುದನ್ನು ಅವನು ನೋಡಬೇಕೆಂದು ಕಾಯದೆಯು ಹೇಳುತ್ತದೆ. ಸಾಧ್ಯವಿದ್ದಷ್ಟು ಮಟ್ಟಿಗೆ ಆರೋಪಿಗಿಂತ ಕೆಳಗಿನ ದರ್ಜೆಯವರು ಇರಕೂಡದು. ಖಟ್ಲೆ ನಡೆಯಬೇಕೆಂದು ತೀರ್ಮಾನಿಸಿದವನೂ ತೀರ್ಪುಗಾರರನ್ನು ಆರಿಸಿದವನೂ ಬಹುಕಾಲ ಒಬ್ಬನೇ ಆಗಿದ್ದನೆಂಬುದನ್ನು ವಾಚಕರು ಗಮನಿಸಬೇಕು. ಕಾರಣ ಹೇಳದೆ ಒಬ್ಬ ಸದಸ್ಯನನ್ನು ಬೇಡವೆನ್ನುವ ಹಕ್ಕು ಫೆಡರಲ್ ನಾಗರಿಕ ನ್ಯಾಯಾಲಯದ ಮರಣದಂಡನೆಯ ಖಟ್ಲೆಯಲ್ಲಿ ಪ್ರತಿಯೊಂದು ಪಕ್ಷಕ್ಕೂ 20 ಸಲ ದೊರೆಯುತ್ತದೆ. ಲಷ್ಕರಿ ನ್ಯಾಯಾಲಯದಲ್ಲಿ ಒಂದೇ ಸಲ.

ಹೀಗೆ ಕೂಡಿದವರು ಕೆಟ್ಟವರೆಂದಾಗಲಿ ರಕ್ತಪಿಪಾಸುಗಳೆಂದಾಗಲಿ ನಾವು ಹೇಳುವುದಿಲ್ಲ. ವಿದ್ಯಾವಂತಿಕೆಯಲ್ಲಿ ಅವರು ಸಾಮಾನ್ಯ ಜ್ಯೂರಿಗಿಂತ ಮೇಲೆಂದು ಒಪ್ಪಬೇಕು. ಸಾಕ್ಷಿದಾರರಿಗೆ ತಾವೇ ಪ್ರಶ್ನೆಗಳನ್ನು ಬರೆದು ಕೊಡುವ ಅಧಿಕಾರವನ್ನು ಅವರು ಚೆನ್ನಾಗಿಯೇ ಬಳಸುತ್ತಾರೆ. ಆದರೆ ಇಪ್ಪತ್ತು ವರ್ಷ ಸೇನೆಯಲ್ಲಿ ಬೆಳೆದವನ ಮನಸ್ಸಿಗೆ ತನ್ನದೇ ಆದ ಒಂದು ಎರಕವಿರುತ್ತದೆ. ಆಜ್ಞೆಯು ಮೇಲಿನಿಂದ ಬರುತ್ತದೆ, ಹೊಣೆಯೂ ಮೇಲಕ್ಕೆ ಹೋಗುತ್ತದೆ ಎಂಬುದು ಅವನಿಗೆ ಉಸಿರಾಟದಷ್ಟು ಸಹಜ. ಶಿಸ್ತು ಮುರಿದವನಿಗೆ ಕೊಡುವ ಶಿಕ್ಷೆಯು ಅವನೊಬ್ಬನಿಗಲ್ಲ, ನೋಡುತ್ತ ನಿಂತ ಸಾವಿರಾರು ಮಂದಿಗೆ ಎಂಬುದೂ ಅವನ ವಿದ್ಯೆಯೇ. ಈ ಎರಡು ನಂಬಿಕೆಗಳು ಕೂಡಿದಾಗ ಏನಾಗುತ್ತದೆಂಬುದನ್ನು ಸಿಪಾಯಿ ಎಡ್ಡಿ ಸ್ಲೋವಿಕನ ಖಟ್ಲೆಯಲ್ಲಿ ನೋಡಬಹುದು.

ಮೇಲಿನವರು ನೋಡಿಕೊಳ್ಳುತ್ತಾರೆ

ಸ್ಲೋವಿಕನು ಡೆಟ್ರಾಯಿಟ್ ನಗರದ ಬಡವರ ಮಗ. ಚಿಕ್ಕಂದಿನಲ್ಲಿ ಕಳವಿಗಾಗಿ ಸೆರೆಮನೆ ಕಂಡವನು. 1944ರಲ್ಲಿ 28ನೆಯ ಪದಾತಿ ಡಿವಿಜನ್ನಿಗೆ ಸೇರಿಸಲ್ಪಟ್ಟು ಯುರೋಪಿಗೆ ಹೋದನು. ಗುಂಡಿನ ಸುರಿಮಳೆ ಅವನಿಗೆ ಸಹಿಸಲಾಗಲಿಲ್ಲ. ತಾನು ಓಡಿಹೋದೆನೆಂದೂ, ಮತ್ತೆ ಮುಂಚೂಣಿಗೆ ಕಳುಹಿದರೆ ಮತ್ತೆ ಓಡಿಹೋಗುವೆನೆಂದೂ ಆಕ್ಟೋಬರ ತಿಂಗಳಲ್ಲಿ ತಾನೇ ಕಾಗದದ ಮೇಲೆ ಬರೆದು ಸಹಿ ಮಾಡಿ ಅಧಿಕಾರಿಗಳ ಕೈಗೆ ಕೊಟ್ಟನು. ಆ ಕಾಗದವನ್ನು ಹರಿದು ಹಾಕಿ ತುಕಡಿಗೆ ಮರಳು, ಎಲ್ಲವನ್ನೂ ಮರೆಯೋಣ ಎಂದು ಅವಕಾಶ ಕೊಟ್ಟರೂ ಅವನು ಒಪ್ಪಲಿಲ್ಲ. ಸೆರೆಮನೆಯನ್ನು ಮೊದಲೇ ಕಂಡವನಾದುದರಿಂದ ಅದರ ಭಯ ಅವನಿಗಿರಲಿಲ್ಲ. ಸಿಕ್ಕುವುದು ಸೆರೆಮನೆಯೆಂದೇ ಅವನ ಎಣಿಕೆ.

ಆ ವರ್ಷದ ನವೆಂಬರ 11ರಂದು ಜರ್ಮನಿಯ ರ‍್ಯೋಟ್‌ಗೆನ್ ಎಂಬ ಊರಲ್ಲಿ ಒಂಬತ್ತು ಅಧಿಕಾರಿಗಳ ನ್ಯಾಯಾಲಯವು ಕೂಡಿತು. ಆರೋಪಿಯು ಬಾಯಿ ತೆರೆಯಲಿಲ್ಲ. ಎರಡು ಗಂಟೆಗಳೊಳಗೆ ಎಲ್ಲವೂ ಮುಗಿದುಹೋಯಿತು. ಒಂಬತ್ತು ಮತಗಳೂ ಮರಣದಂಡನೆಗೇ ಬಿದ್ದವು. ಅದೇ ದಿನಗಳಲ್ಲಿ ಆ ಡಿವಿಜನ್ನು ಹ್ಯುರ್ಟ್‌ಗೆನ್ ಅರಣ್ಯದಲ್ಲಿ ಭಯಂಕರವಾದ ಹಾನಿಯನ್ನು ಅನುಭವಿಸುತ್ತಿದ್ದಿತೆಂಬುದನ್ನು ಮರೆಯಲಾಗದು. ಸಾಯುತ್ತಿರುವವರ ಮಧ್ಯೆ ಕುಳಿತು, ಸಾಯಲಾರೆನೆಂದವನ ನ್ಯಾಯ ತೀರಿಸಬೇಕಾಗಿತ್ತು.

ಈ ಖಟ್ಲೆಯ ಮರ್ಮವೆಲ್ಲ ಮುಂದಿನ ಸಂಗತಿಯಲ್ಲಿದೆ. ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ ವಿಲಿಯಂ ಬ್ರಾಡ್‌ಫರ್ಡ್ ಹ್ಯೂಯಿ ಎಂಬ ಲೇಖಕನು ಈ ವೃತ್ತಾಂತವನ್ನು ಬಗೆದು ತೆಗೆದು 1954ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಆ ನ್ಯಾಯಾಲಯದ ಅಧ್ಯಕ್ಷನಾಗಿದ್ದ ಅಧಿಕಾರಿಯು ಅವನಿಗೆ ಹೇಳಿದುದರ ತಾತ್ಪರ್ಯವಿಷ್ಟು: ಸ್ಲೋವಿಕನು ಗುಂಡಿಗೆ ಅರ್ಹನೆಂದು ನಮಗೆಲ್ಲರಿಗೂ ತೋರಿತು, ಡಿವಿಜನ್ನಿನ ಹಿತಕ್ಕಾಗಿ ಹಾಗಾಗಬೇಕೆಂದೂ ತೋರಿತು, ಆದರೆ ಅವನಿಗೆ ನಿಜವಾಗಿಯೂ ಗುಂಡಿಕ್ಕುತ್ತಾರೆಂದು ನಮ್ಮಲ್ಲಿ ಯಾರೂ ನಂಬಿದ್ದಿಲ್ಲ. ಆ ಒಂಬತ್ತು ಮಂದಿಯಲ್ಲಿ ಒಬ್ಬನಾಗಿದ್ದ ದಂತವೈದ್ಯ ಕ್ಯಾಪ್ಟನ್ ಬೆನೆಡಿಕ್ಟ್ ಕಿಮ್ಮೆಲ್ಮನ್ನನು 1987ರಲ್ಲಿ ತಾನೇ ಒಂದು ಲೇಖನ ಬರೆದು, ತಾನೂ ಕೈಗೂಡಿಸಿದ್ದ ಆ ತೀರ್ಪಿನ ಭಾರವನ್ನು ನಾಲ್ವತ್ತು ವರ್ಷಗಳ ಮೇಲೂ ಇಳಿಸಲಾಗದೆ ಇದ್ದುದನ್ನು ತೋಡಿಕೊಂಡನು.

ಅವರ ಎಣಿಕೆಗೆ ಆಧಾರವಿರಲಿಲ್ಲವೆಂದಲ್ಲ. ಆ ಯುದ್ಧದಲ್ಲಿ ಪಲಾಯನದ ಅಪರಾಧಕ್ಕಾಗಿ 49 ಮಂದಿಗೆ ಮರಣದಂಡನೆ ವಿಧಿಸಿದ್ದರು. ಸ್ಲೋವಿಕನೊಬ್ಬನನ್ನು ಬಿಟ್ಟು ಉಳಿದವರಾರಿಗೂ ಅದು ಜಾರಿಯಾಗಲಿಲ್ಲ. ನ್ಯಾಯಾಲಯವು ಕಠೋರವಾಗಿ ಹೇಳುವುದು, ಮೇಲಿನ ಸೇನಾಪತಿಯು ಮೃದುಗೊಳಿಸುವುದು, ಇದೇ ವಾಡಿಕೆಯಾಗಿತ್ತು. ಆದರೆ ಡಿವಿಜನ್ನಿನ ಸೇನಾಪತಿಯು ಒಂಬತ್ತು ಮಂದಿಯ ಒಮ್ಮತವನ್ನು ಕಂಡು ಒಪ್ಪಿಗೆಯಿತ್ತನು. ಜನರಲ್ ಐಸೆನ್‌ಹೋವರನು ಡಿಸೆಂಬರ 23ರಂದು, ಜರ್ಮನರ ಕೊನೆಯ ದೊಡ್ಡ ದಾಳಿಯು ನಡೆದಿದ್ದ ಹೊತ್ತಿನಲ್ಲಿ, ಅದನ್ನು ಕಾಯಂ ಮಾಡಿದನು. 1945ರ ಜನೇವರಿ 31ರಂದು ಫ್ರಾನ್ಸಿನ ಸೇಂಟ್-ಮಾರೀ-ಓ-ಮೀನ್‌ನಲ್ಲಿ ಹನ್ನೆರಡು ಸಿಪಾಯಿಗಳ ಬಂದೂಕುಗಳು ಗುಡುಗಿದವು. ಅಂತರ್ಯುದ್ಧದ ಕಾಲದಿಂದೀಚೆಗೆ ಪಲಾಯನಕ್ಕಾಗಿ ಅಮೇರಿಕೆಯ ಸೇನೆ ಕೊಂದ ಸಿಪಾಯಿ ಇವನೊಬ್ಬನೇ. ಕೆಳಗಿನವರು ಮೇಲಿನವರು ತಡೆಯುತ್ತಾರೆಂದರು. ಮೇಲಿನವರು ಕೆಳಗಿನವರು ವಿಚಾರ ಮಾಡಿಯೇ ಮಾಡಿರಬೇಕೆಂದರು. ನಡುವೆ ಒಬ್ಬ ಮನುಷ್ಯನು ಸತ್ತನು. ಅವನನ್ನು ಕೊಲ್ಲುವ ನಿರ್ಧಾರವನ್ನು ನಿಜವಾಗಿ ಮಾಡಿದವರು ಯಾರೆಂದು ಕೇಳಿದರೆ ಬೆರಳು ತೋರಿಸಲು ಯಾರೂ ಸಿಕ್ಕುವುದಿಲ್ಲ.

ಈ ಅಪಾಯವನ್ನು ಅಲ್ಲಿಯ ಸುಪ್ರೀಮ್ ಕೋರ್ಟು ನಾಗರಿಕ ಖಟ್ಲೆಗಳ ಸಂಬಂಧದಲ್ಲಿ 1985ರಲ್ಲಿ ಸ್ಪಷ್ಟವಾಗಿ ಗುರುತಿಸಿತು. ಮಿಸಿಸಿಪಿ ರಾಜ್ಯದ ಒಂದು ಖಟ್ಲೆಯಲ್ಲಿ ಸರಕಾರಿ ವಕೀಲನು, ನಿಮ್ಮ ತೀರ್ಪು ಕೊನೆಯದಲ್ಲ, ಮೇಲಿನ ಕೋರ್ಟು ಹೇಗೂ ನೋಡುತ್ತದೆ ಎಂದು ಜ್ಯೂರಿಗೆ ಹೇಳಿದ್ದನು. ಹೊಣೆಯು ಬೇರೆಯವರದೆಂದು ನಂಬಿದ ಜ್ಯೂರಿಯು ವಿಧಿಸಿದ ಮರಣದಂಡನೆಯು ನಿಲ್ಲಲಾರದೆಂದು ಕೋರ್ಟು ಅದನ್ನು ರದ್ದುಪಡಿಸಿತು. ನಾಗರಿಕ ಜ್ಯೂರಿಗೆ ಇದನ್ನು ಹೇಳಕೂಡದು, ಸರಿ. ಆದರೆ ಸೇನಾಧಿಕಾರಿಗೆ ಯಾರೂ ಹೇಳಬೇಕಾದುದೇ ಇಲ್ಲ. ತನ್ನ ತೀರ್ಪು ನ್ಯಾಯಾಲಯ ಕರೆದ ಅಧಿಕಾರಿಗೆ, ಅಲ್ಲಿಂದ ಎರಡು ಲಷ್ಕರಿ ಅಪೀಲು ಕೋರ್ಟುಗಳಿಗೆ, ಕೊನೆಗೆ ಒಪ್ಪಿಗೆಗಾಗಿ ಸ್ವತಃ ರಾಷ್ಟ್ರಾಧ್ಯಕ್ಷನಿಗೆ ಹೋಗುತ್ತದೆಂಬುದು ಅವನಿಗೆ ಗೊತ್ತು.

ಹ್ಯೂಸ್ಟನ್ನಿನ ಹದಿಮೂರು ಮಂದಿ

ಮೇಲಿನವರು ನೋಡುತ್ತಾರೆಂಬ ವ್ಯವಸ್ಥೆಯು ಬಂದುದಾದರೂ ಹೇಗೆಂಬುದನ್ನು ಇಲ್ಲಿ ಹೇಳಬೇಕು. ಅದರ ಹಿಂದೆ ಇನ್ನೂ ಕರಾಳವಾದ ಕಥೆಯಿದೆ. 1917ರ ಆಗಸ್ಟ 23ರಂದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಬೀಡುಬಿಟ್ಟಿದ್ದ 24ನೆಯ ಪದಾತಿ ದಳದ ಕರಿಯ ಸಿಪಾಯಿಗಳು ಬಂದೂಕು ಹಿಡಿದು ಊರೊಳಗೆ ನುಗ್ಗಿದರು. ಅಂದು ಬೆಳಿಗ್ಗೆ ಒಬ್ಬ ಕರಿಯ ಹೆಂಗಸನ್ನು ಪೋಲೀಸರು ಹೀನಾಯವಾಗಿ ನಡೆಸಿಕೊಂಡುದನ್ನು ಕೇಳಲು ಹೋದ ಸಿಪಾಯಿಗೆ ಪೆಟ್ಟು ಬಿದ್ದಿತ್ತು. ಅವನನ್ನು ವಿಚಾರಿಸಲು ಹೋದ ಕಾರ್ಪೊರಲ್ ಚಾರ್ಲ್ಸ್ ಬಾಲ್ಟಿಮೋರನಿಗೂ ಪೆಟ್ಟು ಬಿದ್ದಿತು. ಅವನು ಸತ್ತನೆಂಬ ಸುಳ್ಳು ಸುದ್ದಿ ಬೀಡಿನಲ್ಲಿ ಹಬ್ಬಿತು. ಆ ರಾತ್ರಿ ಊರವರೂ ಪೋಲೀಸರೂ ಸಿಪಾಯಿಗಳೂ ಕೂಡಿ ಇಪ್ಪತ್ತರ ಆಸುಪಾಸಿನಷ್ಟು ಜನ ಸತ್ತರು. ಅಪರಾಧವು ಘೋರವಾದುದು; ಅದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ವಿಚಾರಣೆ ನಡೆದ ಬಗೆಯನ್ನು ನೋಡಿರಿ. ನವೆಂಬರ 1ರಂದು 63 ಮಂದಿಯನ್ನು ಒಟ್ಟಿಗೆ ನಿಲ್ಲಿಸಿದರು. ಅವರೆಲ್ಲರ ಪರವಾಗಿ ವಾದಿಸಲು ಇದ್ದವನು ಒಬ್ಬನೇ ಒಬ್ಬ ಮೇಜರು. ಅವನು ವೃತ್ತಿಯಿಂದ ವಕೀಲನೂ ಅಲ್ಲ. ಪೀಠದಲ್ಲಿದ್ದ 13 ಅಧಿಕಾರಿಗಳೂ ಬಿಳಿಯರೇ. ಕತ್ತಲಲ್ಲಿ ಯಾರ ಗುಂಡು ಯಾರಿಗೆ ತಗಲಿತೆಂಬುದನ್ನು ಗುರುತಿಸುವುದೇ ದುಸ್ಸಾಧ್ಯವಾಗಿದ್ದ ಖಟ್ಲೆಯಲ್ಲಿ ಅವರು 13 ಮಂದಿಗೆ ಮರಣದಂಡನೆ ವಿಧಿಸಿದರು. ಡಿಸೆಂಬರ 11ರ ಬೆಳಗಿನ ನಸುಕಿನಲ್ಲಿ ಆ ಹದಿಮೂರು ಮಂದಿಯನ್ನೂ ಒಮ್ಮೆಲೇ ಗಲ್ಲಿಗೇರಿಸಿದರು. ಬಾಲ್ಟಿಮೋರನೂ ಅವರಲ್ಲಿ ಒಬ್ಬ. ಯುದ್ಧಕಾಲವಾದುದರಿಂದ ವಾಶಿಂಗ್ಟನ್ನಿನ ಒಪ್ಪಿಗೆ ಬೇಕಿರಲಿಲ್ಲ; ಶಿಕ್ಷೆಯ ಸುದ್ದಿ ಜನರಿಗೆ ತಿಳಿದದ್ದು ಹೆಣಗಳನ್ನು ಹೂಳಿದ ಮೇಲೆ. ಮೂರು ಖಟ್ಲೆಗಳಲ್ಲಿ ಒಟ್ಟು 110 ಮಂದಿ ದೋಷಿಗಳೆನಿಸಿ 19 ಮಂದಿ ನೇಣಿಗೆ ಹೋದರು. ದೇಶದಲ್ಲಿ ಕೋಲಾಹಲವೆದ್ದ ಮೇಲೆ, ಮುಂದೆ ಇಂಥ ದಂಡನೆಗಳನ್ನು ಮೇಲಿನ ಪರಿಶೀಲನೆಯಿಲ್ಲದೆ ಜಾರಿಗೊಳಿಸಕೂಡದೆಂಬ ಆಜ್ಞೆಯು ಹೊರಟಿತು. ಆ ಪರಿಶೀಲನೆಯ ಮೇಲೆಯೇ ಸ್ಲೋವಿಕನ ನ್ಯಾಯಾಧಿಪತಿಗಳು 27 ವರ್ಷಗಳ ಮೇಲೆ ಭಾರ ಹಾಕಿ ಕುಳಿತರೆಂಬುದು ವಿಧಿಯ ವಿಡಂಬನೆ.

2023ರ ನವೆಂಬರದಲ್ಲಿ ಅಮೇರಿಕೆಯ ಸೇನೆಯು ಆ 110 ತೀರ್ಪುಗಳನ್ನೂ ತಳ್ಳಿಹಾಕಿ, ಆ ಸಿಪಾಯಿಗಳಿಗೆ ನ್ಯಾಯವಾದ ವಿಚಾರಣೆ ದೊರೆಯಲಿಲ್ಲವೆಂದು ಒಪ್ಪಿಕೊಂಡಿತು. 106 ವರ್ಷಗಳ ಮೇಲೆ. ಪೀಠದಲ್ಲಿದ್ದ ಹದಿಮೂರು ಅಧಿಕಾರಿಗಳೂ ತಾವು ಪ್ರಾಮಾಣಿಕರೆಂದೇ ತಿಳಿದಿದ್ದಿರಬೇಕು. ಕರಿಯ ಸಿಪಾಯಿಯ ಕೈಯಲ್ಲಿ ಬಂದೂಕೆಂದರೇನು ಎಂಬ ವಿಷಯದಲ್ಲಿ ಆ ಕಾಲದ ಬಿಳಿಯ ಸಮಾಜಕ್ಕಿದ್ದ ನಂಬಿಕೆಯನ್ನು ಅವರು ನಂಬಿಕೆಯೆಂದು ಎಣಿಸಿರಲೇ ಇಲ್ಲ. ಅದು ಅವರಿಗೆ ಕೇವಲ ಲೋಕಜ್ಞಾನವಾಗಿತ್ತು. ಪ್ರಶ್ನಿಸಿ ಹೊರತೆಗೆಯಲಾಗದ ನಂಬಿಕೆಗಳು ಇಂಥವೇ.

ನಾಲ್ಕು ಬಾಗಿಲುಗಳು

ಇದೆಲ್ಲ ಹಳೆಯ ಮಾತಾಯಿತು, ಈಗ ಕಾಯದೆಯು ಬಿಗಿಯಾಗಿದೆಯಲ್ಲವೇ ಎಂದು ಕೇಳಬಹುದು. ಬಿಗಿಯಾಗಿದೆ ನಿಜ. 1972ರಲ್ಲಿ ಸುಪ್ರೀಮ್ ಕೋರ್ಟು ನಾಗರಿಕ ಮರಣದಂಡನೆಯ ಕಾಯದೆಗಳನ್ನು ಮುರಿದುದರ ಪರಿಣಾಮವಾಗಿ, 1983ರಲ್ಲಿ ಲಷ್ಕರಿ ಅಪೀಲು ಕೋರ್ಟು ಸೇನೆಯ ಪದ್ಧತಿಯನ್ನೂ ಅಸಿಂಧುವೆಂದಿತು. 1984ರಲ್ಲಿ ಅಧ್ಯಕ್ಷ ರೇಗನ್ನರು ಹೊಸ ನಿಯಮಗಳನ್ನು ಹೊರಡಿಸಿದರು. ಅದರಂತೆ ಆರೋಪಿಯು ಗಲ್ಲಿಗೆ ಹೋಗಬೇಕಾದರೆ ನಾಲ್ಕು ಬಾಗಿಲುಗಳನ್ನು ದಾಟಬೇಕು. ಅವನು ದೋಷಿಯೆಂಬುದಕ್ಕೆ ಎಲ್ಲ ಸದಸ್ಯರ ಒಮ್ಮತ ಬೇಕು. ಅಪರಾಧವನ್ನು ಉಗ್ರಗೊಳಿಸುವ ನಿರ್ದಿಷ್ಟ ಕಾರಣವೊಂದು ಸಿದ್ಧವಾಗಿದೆಯೆಂದು ಒಮ್ಮತ ಬೇಕು. ದಯೆಗೆ ಕಾರಣವಾಗುವ ಅಂಶಗಳಿಗಿಂತ ಉಗ್ರತೆಯ ಅಂಶಗಳ ತೂಕ ಬಹಳ ಹೆಚ್ಚೆಂದು ಒಮ್ಮತ ಬೇಕು. ಇಷ್ಟಾದ ಮೇಲೂ ಮರಣದಂಡನೆಯೇ ಆಗಬೇಕೆಂದು ಗುಪ್ತ ಮತದಲ್ಲಿ ಒಮ್ಮತ ಬೇಕು. ಯಾವ ಬಾಗಿಲಿನಲ್ಲಿಯೇ ಆಗಲಿ ಒಬ್ಬನು ಇಲ್ಲವೆಂದರೆ ಆರೋಪಿಯ ಜೀವ ಉಳಿಯಿತು.

ಒಬ್ಬನ ಕೈಯಲ್ಲಿ ಇಷ್ಟು ಅಧಿಕಾರವನ್ನಿಟ್ಟ ಮೇಲೆ ಆ ಒಬ್ಬನು ಪೀಠಕ್ಕೆ ಬರುವನೇ ಎಂಬುದೇ ಪ್ರಶ್ನೆ. ಇಲ್ಲಿ ಕಾಯದೆಯು ಇನ್ನೊಂದು ಕೈಯಿಂದ ಕೊಟ್ಟುದನ್ನು ಕಸಿದುಕೊಳ್ಳುತ್ತದೆ. ಮರಣದಂಡನೆಯನ್ನು ಯಾವ ಸಂದರ್ಭದಲ್ಲಿಯೂ ವಿಧಿಸಲಾರೆನೆನ್ನುವವನನ್ನು ಪೀಠದಿಂದ ಕೆಳಗಿಳಿಸುತ್ತಾರೆ. ಮನಸ್ಸಿನಲ್ಲಿ ಅಳುಕಿದೆಯೆಂಬ ಮಾತ್ರಕ್ಕೆ ಹೀಗೆ ಮಾಡಕೂಡದೆಂದು 1968ರಲ್ಲಿ ಸುಪ್ರೀಮ್ ಕೋರ್ಟು ಹೇಳಿತ್ತು. ಆ ಅಳುಕು ಕರ್ತವ್ಯಕ್ಕೆ ಗಣನೀಯವಾಗಿ ಅಡ್ಡಿಯಾಗುವಂತಿದ್ದರೆ ಸಾಕೆಂದು 1985ರಲ್ಲಿ ಬಾಗಿಲನ್ನು ಸಡಿಲಿಸಿತು. ಹೀಗೆ ಸೋಸಿ ತೆಗೆದ ಜ್ಯೂರಿಯು ದೋಷಿಯೆಂದು ಹೇಳುವುದಕ್ಕೂ ಹೆಚ್ಚು ಒಲಿಯುತ್ತದೆಂದು ವಿದ್ವಾಂಸರು ಸಂಶೋಧನೆಗಳನ್ನು ಮುಂದಿಟ್ಟಾಗ, ಅದು ನಿಜವೆಂದೇ ಹಿಡಿದರೂ ಸಂವಿಧಾನಕ್ಕೆ ಬಾಧೆಯಿಲ್ಲವೆಂದು 1986ರಲ್ಲಿ ತೀರ್ಮಾನಿಸಿತು. ನಮಗೆ ಈ ತರ್ಕವು ಹಿಡಿಸುವುದಿಲ್ಲ. ಸಮಾಜದ ಅಂತಃಕರಣವನ್ನು ಪೀಠದಲ್ಲಿ ಕೂಡಿಸುತ್ತೇವೆಂದು ಹೇಳಿ, ಆ ಅಂತಃಕರಣದ ಒಂದು ಭಾಗವನ್ನು ಬಾಗಿಲಲ್ಲೇ ತಡೆದರೆ ಅದು ಸಮಾಜದ ಅಂತಃಕರಣವಾಗಿ ಉಳಿಯುವುದು ಹೇಗೆ?

ಎದುರು ದಿಕ್ಕಿನ ಹಟಮಾರಿಗಳನ್ನೂ ತೆಗೆಯುವ ನಿಯಮವಿದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೊಂದವನಿಗೆ ಸಾವೇ ಗತಿ, ಬೇರೆ ಮಾತೇ ಇಲ್ಲ ಎನ್ನುವ ಬಾಗದ ಮನಸ್ಸಿನವನು ಸದಸ್ಯನಾಗಕೂಡದು. ಆದರೆ ಅಳುಕಿನವನು ತನ್ನ ಅಳುಕನ್ನು ಸಾಮಾನ್ಯವಾಗಿ ಪ್ರಾಮಾಣಿಕವಾಗಿ ಹೇಳಿ ಎದ್ದುಹೋಗುತ್ತಾನೆ. ಹಟಮಾರಿಯಾದ ಅಧಿಕಾರಿಯು ನ್ಯಾಯಾಧೀಶರು ಹೇಳಿದಂತೆ ನಡೆಯುವೆಯಾ ಎಂದು ಕೇಳಿದೊಡನೆ, ನಡೆಯುವೆನೆಂದು ಉತ್ತರಿಸುತ್ತಾನೆ. ಆಜ್ಞೆಗೆ ಹೂಂ ಎನ್ನುವುದು ಅವನ ವೃತ್ತಿಧರ್ಮ. ಆ ಹೂಂಕಾರವು ಅವನ ಮನಸ್ಸನ್ನು ತಿರುಗಿಸಿತೆಂದು ನಂಬುವುದು ಕಷ್ಟ.

ಜೀವಾವಧಿಯ ಅರ್ಥದ ಬಗೆಗೂ ಎರಡು ಮಾತು ಹೇಳಬೇಕು. 1990ರ ದಶಕದಲ್ಲಿ ಅಲ್ಲಿಯ ವಿದ್ವಾಂಸರು 14 ರಾಜ್ಯಗಳಲ್ಲಿ ಮರಣದಂಡನೆಯ ಖಟ್ಲೆಗಳಲ್ಲಿ ಕುಳಿತಿದ್ದ ಸುಮಾರು 1,200 ನಾಗರಿಕ ಜ್ಯೂರಿಗಳನ್ನು ಸಂದರ್ಶಿಸಿದರು. ಶಿಕ್ಷೆಯ ವಿಚಾರಣೆ ಆರಂಭವಾಗುವ ಮೊದಲೇ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದರು. ಜೀವಾವಧಿಯೆಂದರೆ ಕೆಲವೇ ವರ್ಷಗಳಲ್ಲಿ ಬಿಡುಗಡೆಯೆಂದು ತಿಳಿದವರು ಮರಣದಂಡನೆಗೆ ಹೆಚ್ಚಾಗಿ ಒಲಿದಿದ್ದರು. ಲಷ್ಕರಿ ಕಾಯದೆಯಲ್ಲಿ ಪೆರೋಲಿಲ್ಲದ ಜೀವಾವಧಿ ಶಿಕ್ಷೆಯು ಬಂದುದು 1997ರಲ್ಲಿ. ಅದಕ್ಕೆ ಮೊದಲು ಬುದ್ಧಿಪೂರ್ವಕ ಕೊಲೆಗೆ ಸದಸ್ಯರ ಮುಂದಿದ್ದುದು ಎರಡೇ ದಾರಿ: ಮರಣ, ಇಲ್ಲವೇ ಎಂದಾದರೊಮ್ಮೆ ಹೊರಬರಬಹುದಾದ ಜೀವಾವಧಿ. 1988ರಲ್ಲಿ ಫೋರ್ಟ್ ಬ್ರಾಗ್ ಠಾಣ್ಯದಲ್ಲಿ ರೊನಾಲ್ಡ್ ಗ್ರೇ ಎಂಬ ಸಿಪಾಯಿಗೆ ಮರಣದಂಡನೆ ವಿಧಿಸಿದ ಸದಸ್ಯರು ಈ ಎರಡೇ ತಕ್ಕಡಿಗಳ ಮಧ್ಯೆ ತೂಗಬೇಕಾಯಿತು. ಆ ದಂಡನೆಗೆ ರಾಷ್ಟ್ರಾಧ್ಯಕ್ಷರ ಒಪ್ಪಿಗೆ ದೊರೆತುದು 2008ರಲ್ಲಿ, 20 ವರ್ಷಗಳ ಮೇಲೆ.

ಆಟೀನಿನ ಎಕ್ಕ

ಸದಸ್ಯರ ನಂಬಿಕೆಯ ಮೇಲೆ ಎಲ್ಲವೂ ನಿಂತಿದೆಯೆಂಬುದನ್ನು ಅಲ್ಲಿಯ ವಕೀಲರು ಎಷ್ಟು ಚೆನ್ನಾಗಿ ಬಲ್ಲರೆಂದರೆ, ಅವರು ಅದರ ಮೇಲೆ ಒಂದು ಜೂಜಿನ ಸೂತ್ರವನ್ನೇ ಕಟ್ಟಿದರು. ಇಸ್ಪೀಟಿನ ಕಟ್ಟಿನಲ್ಲಿ ಆಟೀನಿನ ಎಕ್ಕ ಒಂದೇ. ಕೈಗೆ ಬಂದ ಎಲೆಗಳು ಹೆಚ್ಚಿದಷ್ಟೂ ಅದು ಅವುಗಳೊಳಗೆ ಇರುವ ಸಂಭವವೂ ಹೆಚ್ಚು. ಹಾಗೆಯೇ ಪೀಠದಲ್ಲಿ ಸದಸ್ಯರು ಹೆಚ್ಚಿದಷ್ಟೂ, ಜೀವ ಉಳಿಸುವ ಆ ಒಬ್ಬನು ಅವರಲ್ಲಿರುವ ಸಂಭವ ಹೆಚ್ಚು. ಆದುದರಿಂದ ಯಾರನ್ನೂ ಆಕ್ಷೇಪಿಸಿ ತೆಗೆಯದಿರುವುದೇ ಲೇಸು. ಈ ಸೂತ್ರಕ್ಕೆ ಆಟೀನಿನ ಎಕ್ಕದ ಹೆಸರೇ ಅಪೀಲು ಕೋರ್ಟುಗಳ ತೀರ್ಪುಗಳಲ್ಲಿಯೂ ನಿಂತುಬಿಟ್ಟಿದೆ.

ಸಾರ್ಜಂಟ ಹಸನ್ ಅಕ್ಬರನ ಖಟ್ಲೆಯಲ್ಲಿ ಇದರ ಪರೀಕ್ಷೆಯಾಯಿತು. 2003ರ ಮಾರ್ಚ 23ರಂದು, ಇರಾಕಿನ ಯುದ್ಧ ಆರಂಭವಾದ ದಿನಗಳಲ್ಲಿ, ಅವನು ಕುವೈತಿನ ಬೀಡಿನಲ್ಲಿ ತನ್ನದೇ ದಳದ ಅಧಿಕಾರಿಗಳ ಡೇರೆಗಳೊಳಗೆ ಕೈಬಾಂಬುಗಳನ್ನೆಸೆದು ಗುಂಡು ಹಾರಿಸಿ ಇಬ್ಬರನ್ನು ಕೊಂದನು; 14 ಮಂದಿ ಗಾಯಗೊಂಡರು. 2005ರಲ್ಲಿ ಫೋರ್ಟ್ ಬ್ರಾಗಿನಲ್ಲಿ 15 ಸದಸ್ಯರ ಮುಂದೆ ವಿಚಾರಣೆ ನಡೆಯಿತು. ಮರಣದಂಡನೆಯ ಪರವಾಗಿ ಬಲವಾದ ಅಭಿಪ್ರಾಯವುಳ್ಳ ಸದಸ್ಯರಿದ್ದರೂ ಆರೋಪಿಯ ವಕೀಲರು ಅವರನ್ನು ಆಕ್ಷೇಪಿಸದೆ ಬಿಟ್ಟರೆಂಬುದು ಮುಂದೆ ಅಪೀಲಿನಲ್ಲಿ ದೊಡ್ಡ ದೂರಾಯಿತು. ಅಷ್ಟೇ ಅಲ್ಲ. ಆರೋಪಿಯ ಮನಸ್ಸು ರೋಗಗ್ರಸ್ತವೆಂದು ತೋರಿಸುವ ಆಸೆಯಿಂದ ಅವನ ದಿನಚರಿಯನ್ನು, ಮುನ್ನೂರಕ್ಕೂ ಮಿಕ್ಕ ಪುಟಗಳನ್ನು, ಇಡಿಯಾಗಿ ಸದಸ್ಯರ ಕೈಗೆ ಕೊಟ್ಟರು. ವಕೀಲನು ಅದರಲ್ಲಿ ವ್ಯಾಧಿಯನ್ನು ಕಂಡನು. ಕೊಲೆಯಾದವರಂತೆಯೇ ಸಮವಸ್ತ್ರ ತೊಟ್ಟು ಕುಳಿತಿದ್ದ ಹದಿನೈದು ಮಂದಿ ಅದರಲ್ಲಿ ಕಂಡುದು ದ್ವೇಷವನ್ನೆಂದು ಊಹಿಸಲು ದೊಡ್ಡ ಜಾಣ್ಮೆ ಬೇಡ. ಎಕ್ಕವು ಬೀಳಲಿಲ್ಲ, ಹದಿನೈದು ಮತಗಳೂ ಒಂದಾದವು. 2015ರಲ್ಲಿ ಅತ್ಯುಚ್ಚ ಲಷ್ಕರಿ ಅಪೀಲು ಕೋರ್ಟಿನ ಐವರಲ್ಲಿ ಮೂವರು ದಂಡನೆಯನ್ನು ಎತ್ತಿಹಿಡಿದರು. ಇಬ್ಬರು ವಕೀಲರ ಕೆಲಸವು ತೀರ ಕೊರತೆಯಾಗಿತ್ತೆಂದು ಭಿನ್ನಮತ ಬರೆದರು. ಪೀಠದಲ್ಲಿ ಒಬ್ಬನ ಮತವು ಜೀವ ಉಳಿಸುತ್ತದೆ; ಅಪೀಲಿನಲ್ಲಿ ಇಬ್ಬರ ಮತವೂ ಉಳಿಸಲಿಲ್ಲ.

ಇಂಥ ಸದಸ್ಯರು ಯಾವಾಗಲೂ ಒಂದೇ ರೀತಿ ನಡೆಯುತ್ತಾರೆಂದು ತಿಳಿಯಬಾರದು. ಅದೇ ಫೋರ್ಟ್ ಬ್ರಾಗಿನಲ್ಲಿ, ಇರಾಕಿನಲ್ಲಿ ಇಬ್ಬರು ಅಧಿಕಾರಿಗಳನ್ನು ಕೊಂದ ಆರೋಪಕ್ಕೊಳಗಾಗಿ ಮರಣದಂಡನೆಯ ಖಟ್ಲೆ ಎದುರಿಸಿದ ಇನ್ನೊಬ್ಬ ಸಾರ್ಜಂಟನನ್ನು 2008ರಲ್ಲಿ ಸದಸ್ಯರು ನಿರ್ದೋಷಿಯೆಂದು ಬಿಡುಗಡೆ ಮಾಡಿದರು. ಅಲ್ಲಿ ಪ್ರತ್ಯಕ್ಷ ಸಾಕ್ಷ್ಯವಿರಲಿಲ್ಲ. ದೋಷದ ಪ್ರಶ್ನೆಯಲ್ಲಿ ಪುರಾವೆಯನ್ನು ತೂಗುವ ಶಕ್ತಿ ಅವರಲ್ಲಿದೆಯೆಂಬುದಕ್ಕೆ ಇದೇ ನಿದರ್ಶನ. ನಂಬಿಕೆಯು ಒಡೆಯನಾಗುವುದು ದೋಷವು ಸಿದ್ಧವಾದ ಮೇಲೆ, ಶಿಕ್ಷೆಯ ಘಟ್ಟದಲ್ಲಿ. ಏಕೆಂದರೆ ಅಲ್ಲಿ ತೂಗಬೇಕಾದುದು ಪುರಾವೆಯನ್ನಲ್ಲ, ದಯೆಯನ್ನು. ಅದಕ್ಕೆ ಸೇರುಮಾನವಿಲ್ಲ. 2009ರಲ್ಲಿ ಫೋರ್ಟ್ ಹುಡ್ ಠಾಣ್ಯದಲ್ಲಿ 13 ಮಂದಿಯನ್ನು ಕೊಂದ ಮೇಜರ ನಿದಾಲ್ ಹಸನನು ತನ್ನ ವಕೀಲನು ತಾನೇ ಆಗಿ, ದಯೆಗಾಗಿ ಒಂದು ಮಾತನ್ನೂ ಆಡದೆ ಕುಳಿತನು. 13 ಅಧಿಕಾರಿಗಳು ಸುಮಾರು ಎರಡು ಗಂಟೆಗಳ ಸಮಾಲೋಚನೆಯಿಂದ ಮರಣದಂಡನೆ ವಿಧಿಸಿದರು. ಅಪರಾಧದ ಘೋರತೆಯನ್ನು ನೋಡಿದರೆ ಬೇರೆ ತೀರ್ಪು ಬರುತ್ತಿತ್ತೆಂದು ನಾವು ಹೇಳಲಾರೆವು. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಏನನ್ನೂ ಇಡದೆಯೇ ತೂಕ ಮುಗಿಯಿತು.

1984ರಿಂದೀಚೆಗೆ ಅಮೇರಿಕೆಯ ಲಷ್ಕರಿ ನ್ಯಾಯಾಲಯಗಳು ವಿಧಿಸಿದ ಮರಣದಂಡನೆಗಳಲ್ಲಿ ಬಹುಪಾಲು ಮೇಲಿನ ಹಂತಗಳಲ್ಲಿ ಬಿದ್ದುಹೋಗಿವೆ. 2019ರಿಂದ ಇಂಥ ಪೀಠದಲ್ಲಿ ನಿಶ್ಚಿತವಾಗಿ 12 ಸದಸ್ಯರಿರಬೇಕೆಂದಾದುದರಿಂದ ಎಕ್ಕದ ಜೂಜೂ ಮುಗಿಯಿತು. ಸದಸ್ಯರನ್ನು ಆದಷ್ಟು ಮಟ್ಟಿಗೆ ಚೀಟಿಯ ರೀತಿಯಲ್ಲಿಯೇ ಆರಿಸಬೇಕೆಂದು 2022ರ ಕೊನೆಯಲ್ಲಿ ಕಾಂಗ್ರೆಸ್ ಸಭೆಯು ಕಾಯದೆ ಮಾಡಿತು. ನೂರು ವರ್ಷ ತಡವಾಗಿ ಬಂದರೂ ಇದು ಸರಿಯಾದ ಹೆಜ್ಜೆಯೇ.

ನಮ್ಮ ಮನೆಯ ಮಾತು

ದೂರದ ದೇಶದ ಈ ಸಂಗತಿಯನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವುಂಟು. 1945ರ ನವೆಂಬರ 5ರಿಂದ ಡಿಸೆಂಬರ 31ರ ವರೆಗೆ ದಿಲ್ಲಿಯ ಕೆಂಪುಕೋಟೆಯಲ್ಲಿ ನಡೆದ ಆಜಾದ ಹಿಂದ ಸೇನೆಯ ಖಟ್ಲೆಯನ್ನು ಭಾರತೀಯರು ಮರೆತಿಲ್ಲ. ಶಾಹ ನವಾಜ ಖಾನ, ಪ್ರೇಮ ಸಹಗಲ, ಗುರುಬಕ್ಷ ಸಿಂಗ ಧಿಲ್ಲೋನ ಈ ಮೂವರ ಮೇಲೆ ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ ಆರೋಪ. ಪೀಠದಲ್ಲಿ ಏಳು ಅಧಿಕಾರಿಗಳು: ನಾಲ್ವರು ಬ್ರಿಟಿಷರು, ಮೂವರು ಭಾರತೀಯರು. ಭೂಲಾಭಾಯಿ ದೇಸಾಯಿಯವರು ವಾದಿಸಿದರು. ಆ ಆರೋಪಕ್ಕೆ ಕಾಯದೆಯು ಎರಡೇ ಶಿಕ್ಷೆಗಳನ್ನು ಹೇಳಿತ್ತು: ಮರಣ, ಇಲ್ಲವೇ ಜನ್ಮಾವಧಿ ದೇಶಾಂತರವಾಸ. ಏಳು ಮಂದಿಯ ಪೀಠವು ಮೂವರನ್ನೂ ದೋಷಿಗಳೆಂದು ಹೇಳಿಯೂ ಎರಡನೆಯದನ್ನೇ ಆರಿಸಿತು. 1946ರ ಜನೇವರಿ 3ರಂದು ಸೇನಾಪತಿ ಆಕಿನ್ಲೆಕ್ಕರು ಆ ದೇಶಾಂತರವಾಸವನ್ನೂ ರದ್ದುಪಡಿಸಿದರು. ಶಿಕ್ಷೆ ಜಾರಿಮಾಡಿದ್ದರೆ ದೇಶದಲ್ಲಿ ಅರಾಜಕತೆಯೂ ಸೇನೆಯಲ್ಲಿ ಒಡಕೂ ಉಂಟಾಗುತ್ತಿದ್ದುವೆಂದು ಮರುತಿಂಗಳು ತಮ್ಮ ಕೈಕೆಳಗಿನ ಸೇನಾನಾಯಕರಿಗೆ ಬರೆದರು. ಕೋಟೆಯ ಗೋಡೆಯ ಹೊರಗೆ ದೇಶವೇ ಎದ್ದು ನಿಂತಿದ್ದಾಗ, ಒಳಗಿನ ಏಳು ಮನಸ್ಸುಗಳಲ್ಲಿ ಏನು ನಡೆಯಿತು? ಮತವನ್ನು ಹೊರಗೆಡಹಕೂಡದೆಂಬ ಪ್ರತಿಜ್ಞೆ ಮಾಡಿ ಕುಳಿತವರಾದುದರಿಂದ ಅದು ಹೊರಬರಲಿಲ್ಲ.

ಸ್ವತಂತ್ರ ಭಾರತದ 1950ರ ಸೇನಾ ಕಾಯದೆಯಲ್ಲಿ ದಂಗೆ, ರಣರಂಗದ ಸೇವೆಯಲ್ಲಿದ್ದಾಗ ಪಲಾಯನ ಮೊದಲಾದ ಅಪರಾಧಗಳಿಗೆ ಮರಣದಂಡನೆಯುಂಟು. ಜನರಲ್ ಕೋರ್ಟ್ ಮಾರ್ಷಲಿನಲ್ಲಿ ಕನಿಷ್ಠ ಐವರು ಅಧಿಕಾರಿಗಳು ಕೂಡುತ್ತಾರೆ. ಮರಣದಂಡನೆಗೆ ಮೂರರಲ್ಲಿ ಎರಡು ಪಾಲು ಮತಗಳಿದ್ದರೆ ಸಾಕೆಂದು ಆ ಕಾಯದೆಯ 132ನೆಯ ಕಲಮು ಹೇಳುತ್ತದೆ. ಐವರ ಪೀಠದಲ್ಲಿ ನಾಲ್ವರು ಹೂಂ ಎಂದರೆ ಐದನೆಯವನ ಅಂತಃಕರಣಕ್ಕೆ ಬೆಲೆಯಿಲ್ಲ. ಏಳು ಮಂದಿಯ ಪೀಠದಲ್ಲಿ ಇಬ್ಬರು ಬೇಡವೆಂದರೂ ಐವರು ಸಾಕು. ಆದರೆ ಅದೇ ಕಲಮಿನಲ್ಲಿ, ರಣರಂಗದ ಅವಸರದಲ್ಲಿ ಮೂವರೇ ಅಧಿಕಾರಿಗಳು ಕೂಡಿ ನಡೆಸಬಹುದಾದ ಸಮರಿ ಜನರಲ್ ಕೋರ್ಟ್ ಮಾರ್ಷಲಿಗೆ ಎಲ್ಲ ಸದಸ್ಯರ ಒಮ್ಮತವೇ ಬೇಕೆಂದಿದೆ! ಅವಸರದ ಪೀಠಕ್ಕೆ ಬೇಕಾದ ಎಚ್ಚರವು ಸಾವಕಾಶವಾಗಿ ಕೂಡಿದ ಪೀಠಕ್ಕೆ ಏಕೆ ಬೇಡವಾಯಿತು? ಮೇಲಿನ ದೃಢೀಕರಣವುಂಟು, 2007ರ ಕಾಯದೆಯಿಂದ ಬಂದ ಸಶಸ್ತ್ರ ದಳಗಳ ನ್ಯಾಯಮಂಡಳಿಗೆ ಅಪೀಲೂ ಉಂಟು ಎಂದು ಹೇಳಬಹುದು. ಸ್ಲೋವಿಕನ ತೀರ್ಪುಗಾರರೂ ಇದನ್ನೇ ಹೇಳಿದ್ದರು.

ನಮ್ಮ ಸದಸ್ಯರ ಮರಣದಂಡನೆಯ ಕುರಿತಾದ ಅಭಿಪ್ರಾಯವನ್ನು ವಿಚಾರಣೆಗೆ ಮೊದಲು ಯಾರೂ ಅಮೇರಿಕೆಯಲ್ಲಿಯಂತೆ ಕೆದಕಿ ಕೇಳುವುದಿಲ್ಲ. ಅವರ ಮತವು ಯಾವುದೆಂದು ಅನಂತರವೂ ತಿಳಿಯುವುದಿಲ್ಲ. ಅವರ ಮನಸ್ಸನ್ನು ತೆರೆದು ನೋಡುವ ಕಿಂಡಿಯು ನಮ್ಮಲ್ಲಿ ಇಲ್ಲದಿರುವಾಗ, ಆ ಮನಸ್ಸುಗಳಲ್ಲಿ ಒಂದಾದರೂ ಹಿಂಜರಿದರೆ ಫಾಶಿಯು ನಿಲ್ಲಬೇಕೆಂಬ ನಿಯಮವನ್ನು ಜನರಲ್ ಕೋರ್ಟ್ ಮಾರ್ಷಲಿಗೂ ವಿಸ್ತರಿಸುವಂತೆ 132ನೆಯ ಕಲಮಿಗೆ ತಿದ್ದುಪಡಿ ತರಲು ಪಾರ್ಲಿಮೆಂಟಿಗೆ ಒಂದು ದಿನದ ಕೆಲಸ ಸಾಕು.